ಆರಕ್ಷಕನ ಧರ್ಮವೂ ಕೂಟಲೇಖವೂ

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಪಾಪಗಳಿಗೆ ಐವರನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. ಹಿಂಸೆಗೆ ಧನಶ್ರೀ, ಅಸತ್ಯಕ್ಕೆ ಸತ್ಯಘೋಷ, ಚೌರ್ಯಕ್ಕೆ ತಾಪಸ, ಅಬ್ರಹ್ಮಕ್ಕೆ ಆರಕ್ಷಕ, ಪರಿಗ್ರಹಕ್ಕೆ ಶ್ಮಶ್ರುನವನೀತ. ಶಾಸ್ತ್ರಸಭೆಗಳಲ್ಲಿ ಈ ಕಥೆಗಳನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಈ ಪಟ್ಟಿಯಲ್ಲಿ ಅಡಗಿರುವ ಸೂಕ್ಷ್ಮವೊಂದನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ. ಅಸತ್ಯಕ್ಕೆ ನಿದರ್ಶನವಾದವನ ಬಿರುದೇ ಸತ್ಯಘೋಷ. ಕಳವಿಗೆ ನಿದರ್ಶನವಾದವನು ತಪಸ್ವಿಯ ವೇಷದವನು. ಶೀಲಭಂಗಕ್ಕೆ ನಿದರ್ಶನವಾದವನು ಊರನ್ನು ಕಾಯಬೇಕಾದ ಆರಕ್ಷಕ.

ಪ್ರಭಾಚಂದ್ರರ ಟೀಕೆಯಲ್ಲಿ ಬರುವ ಕಥೆಯಂತೆ ಸತ್ಯಘೋಷನು ಅರಸನ ಪುರೋಹಿತ. ಜನಿವಾರಕ್ಕೆ ಸಣ್ಣ ಕತ್ತಿಯೊಂದನ್ನು ಕಟ್ಟಿಕೊಂಡು, ತಾನೇನಾದರೂ ಸುಳ್ಳಾಡಿದರೆ ಅದರಿಂದಲೇ ನಾಲಗೆಯನ್ನು ಕತ್ತರಿಸಿಕೊಳ್ಳುವುದಾಗಿ ಹೇಳುತ್ತ ತಿರುಗುತ್ತಿದ್ದ. ಜನರು ಆ ಕತ್ತಿಯನ್ನು ನಂಬಿ ತಮ್ಮ ಒಡವೆಗಳನ್ನು ಅವನಲ್ಲಿ ಇರಿಸುತ್ತಿದ್ದರು. ವ್ಯಾಪಾರಿಯೊಬ್ಬನು ಇಟ್ಟುಹೋದ ರತ್ನಗಳನ್ನು ಅವನು ಇಲ್ಲವೆಂದಾಗ ಊರು ವ್ಯಾಪಾರಿಯನ್ನೇ ಹುಚ್ಚನೆಂದಿತು. ರಾಣಿಯ ಜಾಣ್ಮೆಯಿಂದ ರತ್ನಗಳು ಹೊರಬಿದ್ದ ಮೇಲೆಯೇ ಸತ್ಯವು ತಿಳಿದದ್ದು. ತಾಪಸನ ಕಥೆಯೂ ಇಂಥದೇ. ಕೌಶಾಂಬಿಯಲ್ಲಿ ಅವನು ಪರರ ನೆಲವನ್ನು ಸೋಂಕುವುದೂ ಪಾಪವೆಂಬಂತೆ ಮರಕ್ಕೆ ಕಟ್ಟಿದ ನೆಲುವಿನಲ್ಲಿ ಹಗಲೆಲ್ಲ ಕುಳಿತಿರುತ್ತಿದ್ದ. ಇರುಳು ಅದೇ ಊರಿಗೆ ಕನ್ನ ಹಾಕುತ್ತಿದ್ದ.

ಧರ್ಮಶಾಸ್ತ್ರವೇ ಧಾರ್ಮಿಕ ಚಿಹ್ನೆಯ ಬಗ್ಗೆ ಇಷ್ಟು ಎಚ್ಚರಿಕೆಯನ್ನು ಹೇಳಿರುವುದು ಆಲೋಚನೆಗೆ ಯೋಗ್ಯವಾದ ಸಂಗತಿ. ಮನುಷ್ಯನ ಶ್ರದ್ಧೆಯು ಅವನ ಕೆಲಸದ ಸ್ಥಳದಲ್ಲಿ ಅವನನ್ನು ಕಾಯುವುದೇ? ಕಾಯುವುದಾದರೆ ಎಷ್ಟರ ಮಟ್ಟಿಗೆ? ಕಾಯದೆ ಹೋದರೆ ಕೊರತೆ ಎಲ್ಲಿದೆ? ಈ ಪ್ರಶ್ನೆಗಳನ್ನು ಆರಕ್ಷಕ ವೃತ್ತಿಯ ಇತಿಹಾಸದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಏಕೆಂದರೆ ಬೇರಾವ ವೃತ್ತಿಯಲ್ಲಿಯೂ ಒಬ್ಬ ಸಾಮಾನ್ಯ ನೌಕರನ ಲೇಖನಿಯ ಒಂದು ಸಾಲು ಇನ್ನೊಬ್ಬನನ್ನು ಸೆರೆಮನೆಗೆ ಕಳುಹಿಸಲಾರದು.

ಇದಕ್ಕಾಗಿ ಅಮೆರಿಕದ ನ್ಯೂಯಾರ್ಕ್ ನಗರವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಆ ನಗರವು 1894ರಿಂದ 1994ರವರೆಗಿನ ನೂರು ವರ್ಷಗಳಲ್ಲಿ ಸುಮಾರು ಇಪ್ಪತ್ತು ವರ್ಷಗಳಿಗೊಮ್ಮೆ ತನ್ನ ಪೊಲೀಸರನ್ನು ಬಹಿರಂಗ ವಿಚಾರಣೆಗೆ ಒಳಪಡಿಸಿತು. ಎರಡನೆಯದಾಗಿ, ಆ ಕಥೆಯ ಪ್ರತಿಯೊಂದು ಘಟ್ಟದಲ್ಲಿಯೂ ಧರ್ಮಶ್ರದ್ಧೆಯು ಒಂದಲ್ಲ ಒಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಪರರ ಮನೆಯ ದೋಷವನ್ನು ಎಣಿಸುವ ಕುತೂಹಲ ನಮಗೆ ಬೇಡ. ಕೊನೆಯಲ್ಲಿ ನಾವು ನಮ್ಮ ಮನೆಗೇ ಮರಳಬೇಕಾಗುತ್ತದೆ.

ಒಬ್ಬ ಪಾದ್ರಿಯ ಪ್ರವಚನ

1892ರ ಫೆಬ್ರವರಿ 14ರಂದು ಮ್ಯಾಡಿಸನ್ ಸ್ಕ್ವೇರ್ ಪ್ರೆಸ್ಬಿಟೀರಿಯನ್ ಚರ್ಚಿನ ಪಾದ್ರಿ ಚಾರ್ಲ್ಸ್ ಪಾರ್ಕ್‌ಹರ್ಸ್ಟ್ ತಮ್ಮ ಭಾನುವಾರದ ಪ್ರವಚನದಲ್ಲಿ, ನಗರದ ಆಡಳಿತಗಾರರೂ ಪೊಲೀಸರೂ ದುರ್ವ್ಯಸನಗಳಿಂದ ಹಣ ಸಂಪಾದಿಸುತ್ತಿದ್ದಾರೆಂದು ನೇರವಾಗಿ ಆಪಾದಿಸಿದರು. ಗ್ರ್ಯಾಂಡ್ ಜೂರಿಯು ಅವರನ್ನು ಕರೆಸಿ ಸಾಕ್ಷ್ಯ ಕೇಳಿತು. ಪಾದ್ರಿಯ ಕೈಯಲ್ಲಿ ಪತ್ರಿಕಾ ವರದಿಗಳ ಹೊರತು ಬೇರೇನೂ ಇರಲಿಲ್ಲ. ಅವರು ಛೀಮಾರಿ ಹಾಕಿಸಿಕೊಂಡು ಹಿಂದಿರುಗಿದರು.

ಅಲ್ಲಿಂದ ಮುಂದೆ ಅವರು ಮಾಡಿದ ಕಾರ್ಯವೇ ಅವರ ದೊಡ್ಡತನ. ಖಾಸಗಿ ಪತ್ತೇದಾರನೊಬ್ಬನನ್ನೂ ತಮ್ಮ ಸಭೆಯ ಯುವಕನೊಬ್ಬನನ್ನೂ ಜೊತೆಗೆ ಕರೆದುಕೊಂಡು, ವೇಷ ಬದಲಿಸಿ, ರಾತ್ರಿಗಳಲ್ಲಿ ಮದ್ಯದಂಗಡಿಗಳನ್ನೂ ವೇಶ್ಯಾಗೃಹಗಳನ್ನೂ ಕಣ್ಣಾರೆ ಕಂಡು ಬಂದರು. ಮಾರ್ಚ್ 13ರಂದು ಮತ್ತೆ ವೇದಿಕೆ ಹತ್ತಿದಾಗ ಅವರ ಬಳಿ ಪ್ರಮಾಣಪತ್ರಗಳಿದ್ದವು. ಮೊದಲ ಪ್ರವಚನದಲ್ಲಿ ಶ್ರದ್ಧೆಯಷ್ಟೇ ಇತ್ತು, ಎರಡನೆಯದರಲ್ಲಿ ಶ್ರದ್ಧೆಯ ಜೊತೆಗೆ ಪ್ರಮಾಣವೂ ಇತ್ತು. ನಗರವು ಅಲುಗಾಡಿದ್ದು ಎರಡನೆಯದಕ್ಕೆ.

ಇದರ ಫಲವಾಗಿ ರಾಜ್ಯದ ಸೆನೆಟ್ ಸಭೆಯು ಕ್ಲಾರೆನ್ಸ್ ಲೆಕ್ಸೋ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1894ರಲ್ಲಿ ಆ ಸಮಿತಿಯು ನೂರಾರು ಸಾಕ್ಷಿಗಳನ್ನು ವಿಚಾರಿಸಿತು. ಹೇಳಿಕೆಗಳು ಹತ್ತು ಸಾವಿರ ಪುಟಗಳನ್ನು ಮೀರಿದವು. ಠಾಣೆಯ ಮುಖ್ಯಸ್ಥನ ಹುದ್ದೆಯೇ ವಿಕ್ರಯದ ವಸ್ತುವಾಗಿತ್ತೆಂಬುದು ಅಲ್ಲಿ ಬಯಲಾಯಿತು. ಅಂತರ್ಯುದ್ಧದಲ್ಲಿ ಹೋರಾಡಿ ಹೆಸರು ಗಳಿಸಿದ್ದ ಟಿಮೊಥಿ ಕ್ರೀಡನ್ ಎಂಬ ವೃದ್ಧ ಕ್ಯಾಪ್ಟನ್ ಮೊದಲು ಪ್ರಮಾಣ ಮಾಡಿ ಎಲ್ಲವನ್ನೂ ನಿರಾಕರಿಸಿದ. ಅನಂತರ ಮನಸ್ಸು ತಡೆಯದೆ, ತನ್ನ ಹುದ್ದೆಗಾಗಿ 15,000 ಡಾಲರ್ ತೆತ್ತದ್ದನ್ನು ಒಪ್ಪಿಕೊಂಡ. ಆ ಹಣವನ್ನು ಒಟ್ಟುಗೂಡಿಸಿ ಕೊಟ್ಟವರು ಅವನ ಹಿತೈಷಿಗಳಾದ ಮದ್ಯದಂಗಡಿಗಳವರು. ಸಾಲ ಮಾಡಿ ಅಧಿಕಾರ ಕೊಂಡವನು ಅಧಿಕಾರದಿಂದಲೇ ಸಾಲ ತೀರಿಸಬೇಕಲ್ಲವೇ? ಅಲೆಕ್ಸಾಂಡರ್ ವಿಲಿಯಮ್ಸ್ ಎಂಬ ಇನ್ನೊಬ್ಬ ಅಧಿಕಾರಿಯಾದರೋ ತನ್ನ ಹಳ್ಳಿಮನೆಗೂ ವಿಹಾರನೌಕೆಗೂ ಹಣ ಬಂದದ್ದು ಜಪಾನಿನಲ್ಲಿ ಕೊಂಡ ನಿವೇಶನಗಳಿಂದ ಎಂದು ಸಮಿತಿಯ ಮುಂದೆ ನಿಶ್ಚಿಂತೆಯಿಂದ ಹೇಳಿದ.

ಭಾನುವಾರದ ಹಿಂಬಾಗಿಲು

ಮದ್ಯದಂಗಡಿಯವರು ಪೊಲೀಸರಿಗೆ ಏಕೆ ಹಣ ಕೊಡುತ್ತಿದ್ದರು? ಇದಕ್ಕೆ ಉತ್ತರವಾಗಿ ಬರುವ ಕಾರಣಗಳಲ್ಲಿ ಒಂದು ನಮ್ಮನ್ನು ವಿಶೇಷವಾಗಿ ಚಿಂತನೆಗೆ ಹಚ್ಚುತ್ತದೆ. ಭಾನುವಾರವು ಕ್ರೈಸ್ತರಿಗೆ ಪವಿತ್ರ ದಿನ. ಆ ದಿನ ಮದ್ಯ ಮಾರಬಾರದೆಂದೂ ಅನೇಕ ಬಗೆಯ ವ್ಯಾಪಾರ ನಡೆಸಬಾರದೆಂದೂ ನ್ಯೂಯಾರ್ಕಿನಲ್ಲಿ ಕಾನೂನುಗಳಿದ್ದವು. ಕಾನೂನು ಮಾಡಿದವರ ಶ್ರದ್ಧೆ ನಿಜವಾದದ್ದೇ. ಆದರೆ ನಗರದ ಕೂಲಿಕಾರನಿಗೆ ವಾರದಲ್ಲಿ ಬಿಡುವಿದ್ದದ್ದು ಅದೊಂದೇ ದಿನ. ಜರ್ಮನಿಯಿಂದ ಬಂದು ನೆಲೆಸಿದವರಿಗೆ ಭಾನುವಾರದ ಮಧ್ಯಾಹ್ನ ಮನೆಮಂದಿಯೊಡನೆ ಪಾನಗೃಹದಲ್ಲಿ ಕಳೆಯುವುದು ತಲೆತಲಾಂತರದ ರೂಢಿ. ಯೆಹೂದಿ ವ್ಯಾಪಾರಿಗಳಿಗೆ ಶನಿವಾರವೇ ಪವಿತ್ರ ದಿನ. ತಮ್ಮ ಧರ್ಮಕ್ಕಾಗಿ ಶನಿವಾರವೂ ಪರರ ಧರ್ಮಕ್ಕಾಗಿ ಭಾನುವಾರವೂ ಅವರು ಅಂಗಡಿ ಮುಚ್ಚಬೇಕಾಗಿತ್ತು. ಹೀಗಾಗಿ ಮುಂಬಾಗಿಲು ಮುಚ್ಚಿತು, ಹಿಂಬಾಗಿಲು ತೆರೆಯಿತು. ಆ ಹಿಂಬಾಗಿಲಿನಲ್ಲಿ ಪೊಲೀಸನು ಕೈಚಾಚಿ ನಿಂತ.

1895ರಲ್ಲಿ ನಗರದ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿ ಬಂದ ಥಿಯೊಡೋರ್ ರೂಸ್‌ವೆಲ್ಟ್, ಮುಂದೆ ಅಮೆರಿಕದ ರಾಷ್ಟ್ರಾಧ್ಯಕ್ಷರಾದವರು, ಈ ಕಾನೂನನ್ನು ಎಲ್ಲರ ಮೇಲೂ ಸಮಾನವಾಗಿ ಜಾರಿಗೊಳಿಸಲು ಹೊರಟರು. ಪುಸ್ತಕದಲ್ಲಿದ್ದು ಜಾರಿಯಲ್ಲಿಲ್ಲದ ಕಾನೂನೇ ಲಂಚದ ತವರೆಂಬುದು ಅವರ ವಾದವಾಗಿತ್ತು. ವಾದವು ಸರಿಯಾಗಿತ್ತು, ಜನರು ಮಾತ್ರ ಒಪ್ಪಲಿಲ್ಲ. 1896ರಲ್ಲಿ ಬಂದ ರೇನ್ಸ್ ಶಾಸನವು, ಹತ್ತು ಕೋಣೆಗಳುಳ್ಳ ಹೋಟೆಲುಗಳು ಭಾನುವಾರ ಊಟದ ಜೊತೆಯಲ್ಲಿ ಮದ್ಯ ನೀಡಬಹುದೆಂದು ಹೇಳಿತು. ಕೂಡಲೇ ಪಾನಗೃಹಗಳು ಮೇಲಂತಸ್ತಿನಲ್ಲಿ ಹತ್ತು ಕೋಣೆಗಳನ್ನು ಹೂಡಿ ಹೋಟೆಲುಗಳಾದವು. ಯಾರೂ ತಿನ್ನದ ಒಂದೇ ರೊಟ್ಟಿಯ ತುಂಡು ಊಟವೆಂಬ ಹೆಸರಿನಲ್ಲಿ ಮೇಜಿನಿಂದ ಮೇಜಿಗೆ ಸಂಚರಿಸಿತು. ಆ ಕೋಣೆಗಳು ಹಲವೆಡೆ ವ್ಯಭಿಚಾರದ ತಾಣಗಳಾದವು. ಪವಿತ್ರ ದಿನವನ್ನು ಕಾಯಲು ಹುಟ್ಟಿದ ಕಾನೂನು ಅಪವಿತ್ರತೆಗೆ ಮನೆ ಕಟ್ಟಿಕೊಟ್ಟಂತಾಯಿತು.

ಇದು ಅಷ್ಟಕ್ಕೇ ಮುಗಿಯಲಿಲ್ಲ. ಮುಕ್ಕಾಲು ಶತಮಾನದ ಅನಂತರ ನಡೆದ ಇನ್ನೊಂದು ವಿಚಾರಣೆಯಲ್ಲಿಯೂ, ಭಾನುವಾರ ಬಾಗಿಲು ತೆರೆದ ಸಣ್ಣ ದಿನಸಿ ಅಂಗಡಿಗಳಿಂದ ಗಸ್ತಿನ ಪೊಲೀಸರು ಕೆಲವೇ ಡಾಲರುಗಳಂತೆ ವಸೂಲು ಮಾಡುತ್ತಿದ್ದುದು ಹೊರಬಂತು. ಭಾನುವಾರದ ವ್ಯಾಪಾರವನ್ನು ನಿಷೇಧಿಸಿದ ಕಾನೂನನ್ನು ರಾಜ್ಯದ ಉಚ್ಚತಮ ನ್ಯಾಯಾಲಯವು ಅಸಿಂಧುಗೊಳಿಸಿದ್ದು 1976ರಲ್ಲಿ.

ಈ ಸಂಗತಿಯನ್ನು ನಮ್ಮ ಸಮಾಜವು ತನಗೆ ಸಂಬಂಧವಿಲ್ಲದ್ದೆಂದು ಬದಿಗಿಡಲಾಗದು. ಮಹಾವೀರ ಜಯಂತಿಯಂದು, ಪರ್ಯುಷಣದ ದಿನಗಳಲ್ಲಿ ಕಸಾಯಿಖಾನೆಗಳನ್ನು ಮುಚ್ಚಬೇಕೆಂದು ನಾವೂ ಸರ್ಕಾರಗಳನ್ನು ಬೇಡುತ್ತೇವೆ. ಅಹಮದಾಬಾದಿನಲ್ಲಿ ಪರ್ಯುಷಣದ ಒಂಬತ್ತು ದಿನಗಳ ಮುಚ್ಚುಗಡೆಯನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿಯಿತು. ಜೀವದಯೆಯ ಈ ಬೇಡಿಕೆ ತಪ್ಪೆಂದು ಯಾವ ಶ್ರಾವಕನೂ ಹೇಳಲಾರ. ಆದರೆ ಆಜ್ಞೆ ಹೊರಟ ಬಳಿಕ ಅದು ಯಾರ ಕೈ ಸೇರುತ್ತದೆ, ಆ ದಿನ ಹಿಂಬಾಗಿಲಿನಲ್ಲಿ ಏನು ನಡೆಯುತ್ತದೆ ಎಂದು ವಿಚಾರಿಸುವ ಹೊಣೆಯೂ ಬೇಡಿದವರ ಮೇಲೆ ಇರುತ್ತದೆ. ನಮ್ಮ ಅಹಿಂಸೆಯ ಹೆಸರಿನಲ್ಲಿ ಒಬ್ಬ ಬಡ ಮಾಂಸದ ವ್ಯಾಪಾರಿ ಪೇದೆಯೊಬ್ಬನಿಗೆ ಮಾಮೂಲು ತೆರುವಂತಾದರೆ, ಒಂದು ವ್ರತವನ್ನು ಕಾಯಲು ಹೋಗಿ ಇನ್ನೊಂದು ವ್ರತವನ್ನು ಕೆಡಿಸಿದಂತಾಗುತ್ತದೆ.

ಸಾಮೂಹಿಕ ಪ್ರಾರ್ಥನೆ, ಸಾಮೂಹಿಕ ಮಾಮೂಲು

ನ್ಯೂಯಾರ್ಕಿನ ಪೊಲೀಸರು ಧರ್ಮಹೀನರಾಗಿದ್ದರೆಂದು ಯಾರೂ ಭಾವಿಸಬಾರದು. ಐರಿಷ್ ಹಾಗೂ ಇಟಾಲಿಯನ್ ಮನೆತನಗಳಿಂದ ಬಂದ ಕ್ಯಾಥೊಲಿಕರು ಅವರಲ್ಲಿ ಬಹುಸಂಖ್ಯೆಯಲ್ಲಿದ್ದರು. ‘ಹೋಲಿ ನೇಮ್’ ಎಂಬ ಅವರ ಧಾರ್ಮಿಕ ಸಂಘವು ಪ್ರತಿವರ್ಷ ಪೂಜೆಯನ್ನೂ ಅನಂತರ ಉಪಾಹಾರವನ್ನೂ ಏರ್ಪಡಿಸುತ್ತಿತ್ತು. ಯೆಹೂದಿ ಪೊಲೀಸರು 1924ರಲ್ಲಿ ‘ಶೊಮ್ರಿಮ್’ ಎಂಬ ಸಂಘವನ್ನು ಕಟ್ಟಿಕೊಂಡಿದ್ದರು. 1954ರ ಏಪ್ರಿಲಿನಲ್ಲಿ ನಡೆದ ಹೋಲಿ ನೇಮ್ ಉಪಾಹಾರಕೂಟದಲ್ಲಿ ಕಾರ್ಡಿನಲ್ ಸ್ಪೆಲ್‌ಮನ್ನರ ಸಮ್ಮುಖದಲ್ಲಿ ಸುಮಾರು ಆರು ಸಾವಿರ ಪೊಲೀಸರು ಸೇರಿದ್ದರು.

ಇದಕ್ಕೆ ನಾಲ್ಕು ವರ್ಷಗಳ ಹಿಂದೆ, 1950ರಲ್ಲಿ, ಹ್ಯಾರಿ ಗ್ರಾಸ್ ಎಂಬ ಜೂಜುಕಟ್ಟೆಯ ಒಡೆಯನ ಬಂಧನವಾಗಿತ್ತು. ಪೊಲೀಸರ ರಕ್ಷಣೆಗಾಗಿ ಅವನು ವರ್ಷಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಕೊಡುತ್ತಿದ್ದನೆಂದು ತಿಳಿದುಬಂತು. ಉಪಾಹಾರಕ್ಕೆ ಬಂದವರೂ ಹಣ ಪಡೆದವರೂ ಒಬ್ಬರೇ ಎಂದು ಹೇಳುವುದು ಅನ್ಯಾಯವಾದೀತು. ಆದರೆ ಒಂದೇ ಇಲಾಖೆಯಲ್ಲಿ ಭಕ್ತಿಯೂ ಮಾಮೂಲೂ ಅಕ್ಕಪಕ್ಕದಲ್ಲಿ ದಶಕಗಟ್ಟಲೆ ಬಾಳಿದವು, ಒಂದು ಇನ್ನೊಂದನ್ನು ಹೊರಗೆ ದೂಡಲಿಲ್ಲವೆಂಬುದು ಇತಿಹಾಸ.

ಆ ಮಾಮೂಲಿನ ವ್ಯವಸ್ಥೆ ಎಷ್ಟು ಶಿಸ್ತಿನದಾಗಿತ್ತೆಂಬುದನ್ನು ನ್ಯಾಪ್ ಆಯೋಗವು ಬಯಲಿಗೆಳೆಯಿತು. ಮೇಯರ್ ಜಾನ್ ಲಿಂಡ್ಸೆ 1970ರಲ್ಲಿ ವಿಟ್‌ಮನ್ ನ್ಯಾಪ್ ಅವರ ನೇತೃತ್ವದಲ್ಲಿ ನೇಮಿಸಿದ ಈ ಆಯೋಗದ ಅಂತಿಮ ವರದಿ 1972ರ ಡಿಸೆಂಬರಿನಲ್ಲಿ ಹೊರಬಂತು. ಜೂಜನ್ನು ತಡೆಯಲು ನೇಮಕಗೊಂಡ ಮಫ್ತಿ ಪೊಲೀಸರು ಒಂದೊಂದು ಜೂಜುಕಟ್ಟೆಯಿಂದ ತಿಂಗಳಿಗೆ 3,500 ಡಾಲರುಗಳವರೆಗೂ ವಸೂಲು ಮಾಡಿ ಸಮಪಾಲು ಮಾಡಿಕೊಳ್ಳುತ್ತಿದ್ದರು. ಒಬ್ಬನ ಪಾಲು ನಗರದ ಮಧ್ಯಭಾಗದಲ್ಲಿ 300-400 ಡಾಲರ್, ಹಾರ್ಲೆಮ್ ಪ್ರದೇಶದಲ್ಲಿ 1,500 ಡಾಲರ್. ಹೊಸದಾಗಿ ಬಂದವನ ನಂಬಿಕೆಯನ್ನು ಪರೀಕ್ಷಿಸಲು ಸುಮಾರು ಎರಡು ತಿಂಗಳು ಅವನಿಗೆ ಪಾಲಿಲ್ಲ. ಆದರೆ ಅವನು ವರ್ಗವಾಗಿ ಹೋಗುವಾಗ ಆ ಎರಡು ತಿಂಗಳ ಬಾಕಿಯನ್ನು ಲೆಕ್ಕ ಹಾಕಿ ಕೊಡಲಾಗುತ್ತಿತ್ತು! ಕಳ್ಳರ ನಡುವೆ ಲೆಕ್ಕವು ಶುದ್ಧವಾಗಿತ್ತು. ಅಶುದ್ಧವಾಗಿದ್ದುದು ಇಲಾಖೆಯ ಕಡತ, ಏಕೆಂದರೆ ಹಿಡಿಯದ ಜೂಜನ್ನು ಇಲ್ಲದ ಜೂಜೆಂದು ತೋರಿಸಲೇಬೇಕಾಗಿತ್ತು.

ಅನುಮೋದನೆಯ ಪಾಪ

ನ್ಯಾಪ್ ಆಯೋಗವು ಭ್ರಷ್ಟ ಪೊಲೀಸರನ್ನು ಎರಡು ಬಗೆಯಾಗಿ ವಿಂಗಡಿಸಿತು. ಹುಡುಕಿಕೊಂಡು ಹೋಗಿ ದೊಡ್ಡ ಮೊತ್ತವನ್ನು ಕಸಿಯುವವರು ಮಾಂಸ ತಿನ್ನುವವರು. ತಾನಾಗಿ ಕೈಗೆ ಬಂದದ್ದನ್ನು ಬೇಡವೆನ್ನದೆ ತೆಗೆದುಕೊಳ್ಳುವವರು ಹುಲ್ಲು ಮೇಯುವವರು. ಶಾಕಾಹಾರಿಗಳಾದ ನಮಗೆ ಈ ಹೋಲಿಕೆ ಕೇಳಲು ವಿಚಿತ್ರವೆನಿಸಬಹುದು. ಆದರೆ ಆಯೋಗದ ತೀರ್ಮಾನವನ್ನು ಗಮನಿಸಬೇಕು: ಹೆಚ್ಚು ಅಪಾಯಕಾರಿಗಳಾದವರು ಹುಲ್ಲು ಮೇಯುವವರೇ, ಏಕೆಂದರೆ ಅವರ ಸಂಖ್ಯೆಯೇ ಭ್ರಷ್ಟತೆಗೆ ಮರ್ಯಾದೆಯನ್ನು ತಂದುಕೊಡುತ್ತದೆ. ಬುಟ್ಟಿಯಲ್ಲಿ ಒಂದೆರಡು ಹಣ್ಣುಗಳು ಕೊಳೆತಿವೆ, ಉಳಿದವು ಚೆನ್ನಾಗಿವೆ ಎಂಬ ಇಲಾಖೆಯ ಸಮಾಧಾನವನ್ನು ಆಯೋಗವು ತಳ್ಳಿಹಾಕಿತು.

ಇವೆರಡರ ಆಚೆಗೆ ಮೂರನೆಯ ವರ್ಗವೊಂದಿತ್ತು. ತಾವು ತೆಗೆದುಕೊಳ್ಳರು, ತೆಗೆದುಕೊಂಡವರ ವಿಷಯ ಬಾಯಿಬಿಡರು. ಫ್ರಾಂಕ್ ಸರ್ಪಿಕೋ ಎಂಬ ಮಫ್ತಿ ಪೊಲೀಸನ ಕಥೆಯಲ್ಲಿ ಈ ವರ್ಗದ ಪಾತ್ರವನ್ನು ಸ್ಪಷ್ಟವಾಗಿ ಕಾಣಬಹುದು. 1966ರಲ್ಲಿ ಅವನ ಕೈಗೆ 300 ಡಾಲರುಗಳ ಲಕೋಟೆಯೊಂದು ಬಂತು. ಅವನು ಅದನ್ನು ಮೇಲಧಿಕಾರಿಗಳ ಗಮನಕ್ಕೆ ತಂದ. ಸುಮ್ಮನಿರುವುದೇ ಕ್ಷೇಮವೆಂಬ ಬುದ್ಧಿವಾದ ದೊರೆಯಿತು. ಡೇವಿಡ್ ಡರ್ಕ್ ಎಂಬ ಸಹೋದ್ಯೋಗಿಯೊಡನೆ ಅವನು ಹಲವು ಕಚೇರಿಗಳ ಬಾಗಿಲು ತಟ್ಟಿದ. ಅಲ್ಲಿ ಕುಳಿತಿದ್ದವರೆಲ್ಲರೂ ಲಂಚಕೋರರೇನಲ್ಲ; ಆದರೂ ಯಾರೂ ಮೇಲೇಳಲಿಲ್ಲ. 1970ರ ಏಪ್ರಿಲ್ 25ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಈ ವಿಷಯವನ್ನು ಮುಖಪುಟದಲ್ಲಿ ಪ್ರಕಟಿಸಿದ ಮೇಲೆಯೇ ಆಯೋಗ ರಚನೆಯಾದದ್ದು. 1971ರ ಫೆಬ್ರವರಿಯಲ್ಲಿ ಮಾದಕ ವಸ್ತುಗಳ ದಾಳಿಯೊಂದರಲ್ಲಿ ಸರ್ಪಿಕೋನ ಮುಖಕ್ಕೆ ಗುಂಡು ತಗುಲಿತು. ಬದುಕಿ ಉಳಿದ ಅವನು ಅದೇ ವರ್ಷದ ಡಿಸೆಂಬರಿನಲ್ಲಿ ಆಯೋಗದ ಮುಂದೆ ಬಹಿರಂಗವಾಗಿ ಸಾಕ್ಷ್ಯ ನುಡಿದ. ಗಡ್ಡ ಬಿಟ್ಟು, ಕಲಾವಿದರ ಬೀದಿಯಲ್ಲಿ ವಾಸಿಸುತ್ತಿದ್ದ ಈ ಮನುಷ್ಯನಲ್ಲಿ ಸಂಭಾವಿತನ ಹೊರಲಕ್ಷಣಗಳಾವುವೂ ಇರಲಿಲ್ಲ. ಸತ್ಯಘೋಷನ ಕತ್ತಿ ಇವನ ಬಳಿ ಇರಲಿಲ್ಲ, ಸತ್ಯವಿತ್ತು.

‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ಭೇದಗಳನ್ನು ಹೇಳುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡುವುದಕ್ಕೆ ಸಮ್ಮತಿಸಿದ್ದು ಮೂರೂ ಬಂಧಕಾರಣಗಳೇ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನೋವಾಕ್ಕಾಯಗಳು ಮೂರು, ಕೃತ ಮುಂತಾದವು ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ಬರುವ 108ನ್ನೇ ಜಪಮಾಲೆಯ ಮಣಿಗಳ ಸಂಖ್ಯೆಗೆ ಆಧಾರವಾಗಿ ಹೇಳುವ ಪರಂಪರೆ ನಮ್ಮಲ್ಲಿದೆ. ಆ ಮಾಲೆಯ ಮೂರನೆಯ ಒಂದು ಪಾಲು ಅನುಮೋದನೆಯ ಮಣಿಗಳು. ನ್ಯೂಯಾರ್ಕಿನ ಮೌನಿಗಳು ಆ ಮಣಿಗಳನ್ನು ಎಣಿಸಲಿಲ್ಲ. ನಾವಾದರೂ ಎಣಿಸುತ್ತೇವೆಯೇ?

ದೇವರ ಕೆಲಸವೆಂಬ ಸುಳ್ಳು

ಹಣದಾಸೆಯ ಪಾಪವನ್ನು ಗುರುತಿಸುವುದು ಕಷ್ಟವಲ್ಲ. ಸದುದ್ದೇಶದ ಪಾಪವನ್ನು ಗುರುತಿಸುವುದು ಕಷ್ಟ. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾನೂನುಬಾಹಿರ ಶೋಧನೆಯಿಂದ ದೊರೆತ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳೂ ಸ್ವೀಕರಿಸಬಾರದೆಂದು ತೀರ್ಪಿತ್ತಿತು. ಅದಾದ ಮೇಲೆ ನ್ಯೂಯಾರ್ಕಿನ ನ್ಯಾಯಾಲಯಗಳಲ್ಲಿ ಒಂದು ವಿಚಿತ್ರ ಕಂಡುಬಂತು. ಪೊಲೀಸರನ್ನು ಕಂಡ ಕೂಡಲೇ ಆರೋಪಿಯು ಮಾದಕ ವಸ್ತುವಿನ ಪೊಟ್ಟಣವನ್ನು ತಾನಾಗಿಯೇ ನೆಲಕ್ಕೆ ಬೀಳಿಸಿದನೆಂಬ ಸಾಕ್ಷ್ಯಗಳ ಸಂಖ್ಯೆ ಹಠಾತ್ತನೆ ಏರಿತು. ಜೇಬಿನಿಂದ ತೆಗೆದರೆ ಶೋಧನೆ, ನೆಲದಿಂದ ಎತ್ತಿದರೆ ಶೋಧನೆಯಲ್ಲ. ಆರೋಪಿಗಳ ಬುದ್ಧಿ ಒಂದೇ ವರ್ಷದಲ್ಲಿ ಬದಲಾಗಿರಲಾರದು. ಬದಲಾದದ್ದು ಪೊಲೀಸರ ಬರವಣಿಗೆ.

1992ರಲ್ಲಿ ಮೈಕೆಲ್ ಡೌಡ್ ಎಂಬ ಪೊಲೀಸನು ಮಾದಕ ವಸ್ತುಗಳ ವ್ಯವಹಾರದಲ್ಲಿ ಸಿಕ್ಕಿಬಿದ್ದ. ಅವನನ್ನು ಹಿಡಿದವರು ನೆರೆಯ ಜಿಲ್ಲೆಯ ಪೊಲೀಸರೇ ಹೊರತು ಅವನ ಸ್ವಂತ ಇಲಾಖೆಯವರಲ್ಲ. ಈ ಹಗರಣದ ವಿಚಾರಣೆಗಾಗಿ ನೇಮಕಗೊಂಡ ಮಿಲ್ಟನ್ ಮೊಲ್ಲೆನ್ ಆಯೋಗವು 1994ರ ಜುಲೈನಲ್ಲಿ ವರದಿ ನೀಡಿತು. ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯ, ಬಂಧನದ ಕಾಗದಪತ್ರಗಳಲ್ಲಿ ಪ್ರಮಾಣಪೂರ್ವಕ ಸುಳ್ಳು, ಇಲಾಖೆಯ ದಾಖಲೆಗಳ ತಿದ್ದುಪಡಿ ಇವುಗಳನ್ನು ಅದು ವಿವರವಾಗಿ ಚರ್ಚಿಸಿತು. ಓವರ್‌ಟೈಮ್ ಭತ್ಯೆಯ ಆಸೆಗಾಗಿ ಪಾಳಿ ಮುಗಿಯುವ ಹೊತ್ತಿಗೆ ಬಂಧನಗಳನ್ನು ಹೊಂದಿಸಿಕೊಳ್ಳುವವರೂ ಇದ್ದರು. ಆದರೆ ಬಹಳ ಮಂದಿ ಸುಳ್ಳು ಬರೆದದ್ದು ಅಪರಾಧಿಯು ತಪ್ಪಿಸಿಕೊಳ್ಳಬಾರದೆಂಬ ಕಾರಣಕ್ಕೆ. ಕರ್ತವ್ಯನಿಷ್ಠನಾದ ಅಧಿಕಾರಿಯೊಬ್ಬನು ಇಂಥ ಸುಳ್ಳನ್ನು ದೇವರ ಕೆಲಸವೆಂದೇ ಕರೆದನೆಂದು ವರದಿಯು ದಾಖಲಿಸಿದೆ.

ಈ ಮಾತು ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಅತಿ ಕಠಿಣವಾದ ಉತ್ತರ. ಶ್ರದ್ಧೆಯು ಸುಳ್ಳನ್ನು ತಡೆಯುವುದಿರಲಿ, ಸುಳ್ಳಿಗೆ ಮಡಿ ಉಡಿಸಿತು. ಲಂಚ ಪಡೆದವನಿಗೆ ಒಂದಲ್ಲ ಒಂದು ದಿನ ಎದೆ ಚುಚ್ಚೀತು. ದೇವರ ಕೆಲಸ ಮಾಡಿದೆನೆಂದು ತಿಳಿದವನಿಗೆ ಯಾವುದೂ ಚುಚ್ಚದು. ಅವನು ಬರೆದ ಪಂಚನಾಮೆಯಲ್ಲಿ ನಿರಪರಾಧಿಯ ಹೆಸರಿದ್ದರೂ ಅವನ ನಿದ್ರೆಗೆ ಭಂಗವಿಲ್ಲ.

ಜೈನಾಚಾರದಲ್ಲಿ ಇದಕ್ಕೆ ಒಂದು ನಿಖರವಾದ ಹೆಸರಿದೆ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆ ಬರೆಯುವುದನ್ನು, ಹೇಳಿದೆ. ಅದರ ಜೊತೆಯಲ್ಲಿಯೇ ನ್ಯಾಸಾಪಹಾರವಿದೆ. ನಂಬಿ ಒಪ್ಪಿಸಿದ್ದನ್ನು ನುಂಗುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳನನ್ನು ಪ್ರೇರಿಸುವ ಸ್ತೇನಪ್ರಯೋಗ, ಕಳವಿನ ಮಾಲನ್ನು ಸ್ವೀಕರಿಸುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳ ಮೋಸ, ಕಲಬೆರಕೆ ಬರುತ್ತವೆ. ಸುಳ್ಳು ಹೇಳಬೇಡ, ಕದಿಯಬೇಡ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ನಮ್ಮ ಆಚಾರ್ಯರು ಅಷ್ಟಕ್ಕೆ ನಿಲ್ಲದೆ ಅಂಗಡಿಯ ತಕ್ಕಡಿಯನ್ನೂ ಬರಹಗಾರನ ಲೇಖನಿಯನ್ನೂ ಬೆರಳಿಟ್ಟು ತೋರಿಸಿದರು. ಕೂಟಲೇಖವನ್ನು ಒಳ್ಳೆಯ ಉದ್ದೇಶಕ್ಕಾಗಿ ಬರೆಯಬಹುದೆಂಬ ವಿನಾಯಿತಿಯನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ.

ನಮ್ಮ ಠಾಣೆ, ನಮ್ಮ ಬಸದಿ

ಇನ್ನು ನಮ್ಮ ಮನೆಗೆ ಮರಳೋಣ. 1855ರಲ್ಲಿ ಮದರಾಸು ಪ್ರಾಂತದಲ್ಲಿ ನಡೆದ ವಿಚಾರಣೆಯು, ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯಲೂ ಕೆಳಗಿನ ನೌಕರರು ಚಿತ್ರಹಿಂಸೆ ನಡೆಸುತ್ತಿದ್ದರೆಂದು ಕಂಡುಕೊಂಡಿತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡಲಾಗದೆಂದು ವಿಧಿಸಿತು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಜಾರಿಗೆ ಬಂದಾಗಲೂ ಈ ನಿಯಮವನ್ನು ಉಳಿಸಿಕೊಳ್ಳಲಾಯಿತು. ಆಂಡ್ರ್ಯೂ ಫ್ರೇಸರ್ ನೇತೃತ್ವದ 1902-03ರ ಪೊಲೀಸ್ ಆಯೋಗವು, ಜನರು ಪೊಲೀಸರನ್ನು ಭ್ರಷ್ಟರೆಂದೂ ಪೀಡಕರೆಂದೂ ಭಾವಿಸಿದ್ದಾರೆಂದು ಬರೆಯಿತು. ಠಾಣೆಗೆ ಬಂದ ದೂರನ್ನು ದಾಖಲಿಸದೆ ಕಳುಹಿಸಿ, ತನ್ನ ಸರಹದ್ದಿನಲ್ಲಿ ಅಪರಾಧ ಇಳಿದಿದೆಯೆಂದು ತೋರಿಸುವ ಪದ್ಧತಿಗೂ ದೀರ್ಘವಾದ ಇತಿಹಾಸವಿದೆ. ಬಂಧನೀಯ ಅಪರಾಧದ ದೂರು ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಬೇಕಾಯಿತು. ಬರೆಯಬೇಕಾದದ್ದನ್ನು ಬರೆಯದಿರುವುದೂ ಕೂಟಲೇಖವೇ.

ಪೊಲೀಸರನ್ನು ದೂಷಿಸಿ ಲೇಖನ ಮುಗಿಸುವುದು ಸುಲಭ. ಆದರೆ ತಾಪಸನ ಕಥೆಯಲ್ಲಿ ಇನ್ನೊಂದು ಮಾತಿದೆ. ಏಳು ರಾತ್ರಿಗಳೊಳಗೆ ಕಳ್ಳನನ್ನು ತಾರದಿದ್ದರೆ ನಗರರಕ್ಷಕನ ತಲೆಯೇ ಹೋಗುವುದೆಂದು ಅರಸನು ಆಜ್ಞಾಪಿಸಿದ್ದ. ಇಂದು ಆ ಅರಸನ ಸ್ಥಾನದಲ್ಲಿ ನಾವಿದ್ದೇವೆ. ಕೂಡಲೇ ಯಾರನ್ನಾದರೂ ಹಿಡಿಯಿರೆಂದು ಕೂಗುವವರು ನಾವು. ಸಾಕ್ಷ್ಯ ದೊರೆಯುವವರೆಗೆ ತಾಳ್ಮೆಯಿಂದಿರುವ ಅಧಿಕಾರಿಯನ್ನು ಕೈಲಾಗದವನೆನ್ನುವವರೂ ನಾವೇ. ಮಾಮೂಲು ಕೊಡುವ ಕೈಯಿಲ್ಲದೆ ತೆಗೆದುಕೊಳ್ಳುವ ಕೈಯಿರದು. ಅಂಗಡಿಯ ಮುಂದಿನ ರಸ್ತೆಗಾಗಿ, ಗೋದಾಮಿನ ಲಾರಿಗಾಗಿ, ಮಗನ ವಾಹನದ ಮೊಕದ್ದಮೆಗಾಗಿ ಕೊಟ್ಟದ್ದು ಕಾರಿತದ ಲೆಕ್ಕಕ್ಕೆ ಸೇರುತ್ತದೆ. ಅಂಥ ಮನೆಯಲ್ಲಿ ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿದಿರಬಹುದು, ಪರ್ವದಿನಗಳಲ್ಲಿ ಉಪವಾಸ ನಡೆದಿರಬಹುದು. ಆ ಖರ್ಚಿನ ಚೀಟಿ ಮಾತ್ರ ಇತರೆ ಎಂಬ ತಲೆಬರಹದ ಕೆಳಗೆ ಇರುತ್ತದೆ.

ಬಸದಿಗಳ ಧರ್ಮದರ್ಶಿಗಳಿಗೂ ಒಂದು ವಿನಂತಿ. ಕೈಗೆ ಬಂದ ದೇವದ್ರವ್ಯವು ನ್ಯಾಸ. ಅದನ್ನು ಕಾಯುವವನೂ ಒಂದು ಬಗೆಯ ಆರಕ್ಷಕ. ನಮ್ಮವನು, ವ್ರತಿಕ, ದಿನವೂ ಅಭಿಷೇಕಕ್ಕೆ ಬರುವವನು ಎಂಬ ಕಾರಣಕ್ಕೆ ಯಾರ ಲೆಕ್ಕವನ್ನೂ ನೋಡದೆ ಬಿಡುವುದು ಸತ್ಯಘೋಷನ ಕತ್ತಿಯನ್ನು ನಂಬಿದಂತೆ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಸಭೆಯ ಮುಂದೆ ಓದುವುದು ಅವಿಶ್ವಾಸದ ಸೂಚನೆಯಾಗದು. ಪ್ರಾಮಾಣಿಕನಾದವನಿಗೆ ಅದು ರಕ್ಷೆ. ದೊಡ್ಡ ದಾನಿಯೊಬ್ಬರಿಗೆ ಶಾಲು ಹೊದಿಸುವ ಮೊದಲು ಆ ಹಣದ ಮೂಲವನ್ನು ಕುರಿತು ಒಂದು ಕ್ಷಣ ಯೋಚಿಸುವುದೂ ತದಾಹೃತಾದಾನದಿಂದ ತಪ್ಪಿಸಿಕೊಳ್ಳುವ ಉಪಾಯ.

ಪೊಲೀಸ್ ಇಲಾಖೆಯಲ್ಲಿಯೂ ಇತರ ಸರ್ಕಾರಿ ಕಚೇರಿಗಳಲ್ಲಿಯೂ ನಮ್ಮ ಸಮಾಜದ ಯುವಕ ಯುವತಿಯರಿದ್ದಾರೆ. ಅವರಿಗೆ ಹಿರಿಯರಾದ ನಾವು ಕೊಡಬಹುದಾದ ದೊಡ್ಡ ಬೆಂಬಲವೆಂದರೆ, ಮೇಲ್ಸಂಪಾದನೆ ಎಷ್ಟೆಂದು ಮದುವೆಯ ಮಾತುಕತೆಯಲ್ಲಿ ವಿಚಾರಿಸದಿರುವುದು. ಸುಳ್ಳು ಬರೆಯಲೊಪ್ಪದೆ ದೂರದೂರಿಗೆ ವರ್ಗವಾದವನ ಮನೆಗೆ ಹೋಗಿ ಜೊತೆಗಿದ್ದೇವೆಂದು ಹೇಳುವುದು. ಸರ್ಪಿಕೋನಿಗೆ ದೊರೆಯದೆ ಹೋದದ್ದು ಇದೇ.

ಪ್ರತಿಕ್ರಮಣದಲ್ಲಿ ನಾವು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳಿಗೆ ಮಾಡಿದ ನೋವನ್ನು ನೆನೆದು ಕ್ಷಮೆ ಬೇಡುತ್ತೇವೆ. ಅದೇ ಹೊತ್ತಿನಲ್ಲಿ ಆ ದಿನ ಸಹಿ ಹಾಕಿದ ಕಾಗದಗಳನ್ನೂ ಒಮ್ಮೆ ನೆನೆಯೋಣ. ಕಂಡೂ ಕಾಣದಂತೆ ದಾಟಿಹೋದ ಕಡತವನ್ನೂ ನೆನೆಯೋಣ. ವೃದ್ಧ ಕ್ಯಾಪ್ಟನ್ ಕ್ರೀಡನ್ ಮೊದಲು ಸುಳ್ಳು ಪ್ರಮಾಣ ಮಾಡಿದರೂ ಮತ್ತೆ ಬಂದು ನಿಜ ನುಡಿದ. ಅದನ್ನೇ ನಮ್ಮ ಶಾಸ್ತ್ರವು ಆಲೋಚನೆ ಎನ್ನುತ್ತದೆ. ತಪ್ಪನ್ನು ಬಾಯಿಬಿಟ್ಟು ಹೇಳುವುದು. ಜಿನಾಲಯದ ಹೊಸ್ತಿಲು ದಾಟಿ ಹೊರಬಂದ ಮೇಲೆ ಲೇಖನಿ ಹಿಡಿಯುವ ಕೈಯಲ್ಲಿ ವ್ರತವು ಉಳಿದಿದೆಯೇ ಎಂಬುದನ್ನು ಪ್ರತಿಯೊಬ್ಬ ಶ್ರಾವಕನೂ ಪ್ರತಿ ಸಂಜೆ ತನ್ನನ್ನು ತಾನೇ ಕೇಳಿಕೊಳ್ಳಲಿ.